ಹಿನಕಲ್ ಹೊಲದಲ್ಲಿ ತಪ್ಪಿದ ಪ್ರಾರ್ಥನೆ

ಮೌಶಿ ನಮ್ಮ ಮನೆಗೆ ಮೊದಲ ಸಲ ಬಂದದ್ದು ಸಕ್ಕರೆ ಕೇಳುವುದಕ್ಕಲ್ಲ, ಕಾಫಿಪುಡಿ ಕೇಳುವುದಕ್ಕೂ ಅಲ್ಲ. ಸೂರ್ಯ ಇದ್ದಾನೋ ಇಲ್ಲವೋ ನೋಡುವುದಕ್ಕೆ.

ಯಾದವಗಿರಿಯಲ್ಲಿ ಆಗ ಮನೆಗಳು ಒಂದಕ್ಕೊಂದು ದೂರ. ನಮ್ಮದು ತಾರಸಿ ಮನೆ. ಮೂಲೆಯಲ್ಲಿ ನಿಂತರೆ ಪಡುವಣ ಬಯಲು ಹಿನಕಲ್‌ವರೆಗೂ ಕಾಣುತ್ತಿತ್ತು. ಪಕ್ಕದ್ದು ಹೆಂಚಿನ ಮನೆ, ಹತ್ತಲು ಮಾಳಿಗೆಯಿಲ್ಲ. ಅದರ ಪಡುವಲಿಗೆ ಒಂದು ದೊಡ್ಡ ಬಂಗಲೆ, ಬಂಗಲೆಯ ಕಾಂಪೌಂಡಿನ ತುಂಬ ಮಳೆಮರಗಳು. ಹೊತ್ತು ಮುಳುಗುವುದಕ್ಕೆ ಎಷ್ಟೋ ಮುಂಚೆಯೇ ಆ ಮನೆಯ ಅಂಗಳಕ್ಕೆ ನೆರಳು ಬಂದು ಕೂತುಬಿಡುತ್ತಿತ್ತು. ಹಾಗಾಗಿ ಆ ಮನೆಗೆ ಬಾಡಿಗೆಗೆ ಬಂದ ಹೊಸತರಲ್ಲೇ ಒಂದು ಸಂಜೆ ಆಕೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನಮ್ಮ ಬಾಗಿಲಲ್ಲಿ ನಿಂತರು.

"ಅಕ್ಕಾರ, ನಿಮ್ಮ ಮಾಳಿಗಿ ಮ್ಯಾಲ ಒಂದೀಟು ಹೋಗಿ ಬರ್ಲೇನ್ರಿ?"

"ಏನ್ ಒಣಗಾಕಬೇಕಿತ್ತು ತಾಯಿ? ಹೊತ್ತು ಮುಳುಗೋ ಹೊತ್ತಲ್ಲಿ?" ಅಂದಳು ನಮ್ಮವ್ವ.

"ಒಣಗಸೂದಲ್ರೀ. ಸೂರ್ಯ ಅದಾನೋ ಹೋದನೋ ನೋಡಬೇಕಾಗೇದ."

ಅವ್ವ ಬಾಯಿ ಬಿಟ್ಟುಕೊಂಡು ನನ್ನ ಮುಖ ನೋಡಿದಳು. ಆಕೆ ದಡದಡ ಮೆಟ್ಟಿಲು ಹತ್ತಿದರು. ಮರುಕ್ಷಣ ತಾರಸಿಯ ಮೇಲಿನಿಂದ ಪಕ್ಕದ ಅಂಗಳಕ್ಕೆ ಕೂಗು ಕೇಳಿಸಿತು. "ಏನ್ರೀ! ಇನ್ನ ಅದಾನ್ರೀ! ಏಳ್ರಿ, ಎದ್ದು ಕೈ ತೊಳಕೋರಿ!"

ಕೆಳಗಿನಿಂದ ಗಂಡಸಿನ ಧ್ವನಿ. "ಎದ್ದೆ, ಎದ್ದೆ. ಎಷ್ಟ ಒದರ್ತಿ? ಸ್ಟೇಷನ್ನಿನ ತನಾ ಕೇಳ್ತದ."

"ಕೇಳ್ಲಿ. ನಿಮ್ಮ ಕಿವಿಗೆ ಬಿದ್ರ ಸಾಕು."

ಅವರು ಯೆಹೂದಿಗಳು. ಹಿರಿಯರು ಕೊಂಕಣದ ಕಡಲ ದಂಡೆಯವರು, ಮನೆಮಾತು ಮರಾಠಿ. ಆತನಿಗೆ ರೈಲ್ವೆ ಕಚೇರಿಯಲ್ಲಿ ನಕ್ಷೆ ಬರೆಯುವ ಕೆಲಸ. ಹುಬ್ಬಳ್ಳಿಯಲ್ಲಿ ಬಹುಕಾಲ ಇದ್ದು, ಕನ್ನಡ ಸೀಮೆಯೆಲ್ಲ ಒಂದು ರಾಜ್ಯವಾದ ಹೊಸತರಲ್ಲಿ ಮೈಸೂರಿಗೆ ವರ್ಗವಾಗಿ ಬಂದಿದ್ದರು. ಮಕ್ಕಳಿರಲಿಲ್ಲ. ಮರಾಠಿಯಲ್ಲಿ ಚಿಕ್ಕಮ್ಮನಿಗೆ ಮೌಶಿ ಅನ್ನುತ್ತಾರೆ ಅಂತ ಆಕೆಯೇ ನನಗೆ ಹೇಳಿಕೊಟ್ಟು ಹಾಗೇ ಕರೆಸಿಕೊಂಡರು. ಆತನನ್ನು ಮಾತ್ರ ನಾವೆಲ್ಲ ಸಾಹೇಬರು ಅನ್ನುತ್ತಿದ್ದೆವು. ಇಡೀ ಮೈಸೂರಿನಲ್ಲಿ ಅವರ ಜಾತಿಯವರು ಇನ್ನೊಬ್ಬರಿದ್ದರೋ ಏನೋ, ಅವರಿಗೆ ಗೊತ್ತಿದ್ದಂತೆ ಇರಲಿಲ್ಲ. ಮಂಡಿ ಮೊಹಲ್ಲಾದಲ್ಲಿ ಅಪ್ಪನ ಬೆಲ್ಲದ ಮಂಡಿಗೆ ಬರುವವರು ಕೇಳುವರು. "ಏನ್ ಗೌಡ್ರೆ, ನಿಮ್ಮ ಪಕ್ಕದ ಮನೆಯೋರು ಸಾಬ್ರಾ, ಕಿರಸ್ತಾನ್ರಾ?" ಅಪ್ಪ "ಎರಡೂ ಅಲ್ಲ ಕಣಯ್ಯ, ಅವರಿಬ್ಬರಿಗಿಂತ ಹಳಬರು" ಎಂದು ಹೇಳಿ ಬೆಲ್ಲದ ಅಚ್ಚು ತಕ್ಕಡಿಗೆ ಇಡುತ್ತಿದ್ದ.

ಅವ್ವನಿಗೆ ಮಾತ್ರ ಬಹಳ ದಿನ ಬೇರೆಯೇ ತೀರ್ಮಾನ. ಸಾಹೇಬರು ಸಂಜೆ ಅಂಗಳದಲ್ಲಿ ಟೋಪಿ ಹಾಕಿಕೊಂಡು, ಪುಸ್ತಕ ಹಿಡಿದು, ಪಡುವಲಿಗೆ ಮುಖ ಮಾಡಿ, ಕಾಲು ಜೋಡಿಸಿ ನಿಲ್ಲುತ್ತಿದ್ದರಲ್ಲ, ಅದನ್ನು ಗೋಡೆಯ ಮೇಲಿಂದ ನೋಡಿ, "ಪಾಪ, ಸೂರ್ಯದೇವ್ರ ಒಕ್ಕಲು ಕಣೇ ಅವರು. ಬೆಳಗ್ಗೆ ಎಲ್ಲಾರೂ ಕೈ ಮುಗಿತಾರೆ, ಮುಳುಗೋ ಸೂರ್ಯಂಗೆ ಯಾರು ಮುಗಿತಾರೆ ಹೇಳು? ಒಳ್ಳೇ ಜನ" ಅಂದಿದ್ದಳು. ಒಮ್ಮೆ ಅದನ್ನೇ ಮೌಶಿಯ ಹತ್ತಿರ ಹೇಳಿಯೂಬಿಟ್ಟಳು. ಮೌಶಿ ನಗುವುದಕ್ಕೆ ಶುರುಮಾಡಿದವರು ತಾರಸಿಯ ಕಟ್ಟೆಯ ಮೇಲೆ ಕೂತೇಬಿಟ್ಟರು. ಅವರು ಮುಖ ಮಾಡುವುದು ಸೂರ್ಯನಿಗಲ್ಲವಂತೆ. ಅವರ ದೇವರ ಊರು ಆ ದಿಕ್ಕಿಗೆ, ಸಮುದ್ರದಾಚೆ. ಸೂರ್ಯ ನಡುವೆ ಬರುವುದು ಗಡಿಯಾರವಾಗಿ ಮಾತ್ರ.

ದಿನಕ್ಕೆ ಮೂರು ಪ್ರಾರ್ಥನೆ. ಬೆಳಗಿನದಕ್ಕೆ ತಂಟೆಯಿರಲಿಲ್ಲ. ಮಧ್ಯಾಹ್ನದ್ದಕ್ಕೆ ಮಿನ್ಹಾ ಅಂತ ಹೆಸರು. ಅದನ್ನು ಸೂರ್ಯ ಮುಳುಗುವ ಮುಂಚೆ ಹೇಳಿ ಮುಗಿಸಬೇಕು. ರಾತ್ರಿಯದಕ್ಕೆ ಅರ್ವಿತ್, ಅದಕ್ಕೆ ಆಕಾಶದಲ್ಲಿ ಮೂರು ನಕ್ಷತ್ರ ಕಾಣಬೇಕು. ಸಾಹೇಬರು ಭಕ್ತರೇ, ಅದರಲ್ಲಿ ಅನುಮಾನವಿಲ್ಲ. ಆದರೆ ನಿಧಾನದ ಮನುಷ್ಯ. ಕಚೇರಿಯಿಂದ ಬಂದು ಚಹಾ ಕುಡಿದು ಆರಾಮಕುರ್ಚಿಯಲ್ಲಿ ಕಾಲು ಚಾಚಿದರೆ ಹೊತ್ತಿನ ಪರಿವೆಯೇ ಇರುತ್ತಿರಲಿಲ್ಲ. ಹೆಂಗಸರಿಗೆ ಹೊತ್ತಿನ ಕಟ್ಟು ಅಷ್ಟಿಲ್ಲವಂತೆ ಅವರಲ್ಲಿ. ಹಾಗಿದ್ದೂ ಗಂಡನ ಮಿನ್ಹಾ ಒಂದು ದಿನವೂ ತಪ್ಪದಂತೆ ಕಾಯುತ್ತಿದ್ದವರು ಮೌಶಿ. ಮದುವೆಯಾದಂದಿನಿಂದ ಹಾಗೆ. ಹುಬ್ಬಳ್ಳಿಯಲ್ಲಿ ರೈಲ್ವೆ ಸೇತುವೆಯ ಮೇಲೆ ಹೋಗಿ ನೋಡುತ್ತಿದ್ದರಂತೆ, ಇಲ್ಲಿ ನಮ್ಮ ತಾರಸಿ.

ಅಪ್ಪ ಮಂಡಿ ಮುಚ್ಚಿ ಸೈಕಲ್ಲಿನಲ್ಲಿ ಬೇಗ ಬಂದ ದಿನ ಪಕ್ಕದ ಮನೆಯ ಜಗಲಿಯಲ್ಲಿ ಸಾಹೇಬರ ಜೊತೆ ಮಾತಿಗೆ ಕೂರುತ್ತಿದ್ದ. ಒಂದು ದಿನ ಕೇಳಿದ. "ಅಲ್ಲ ಸಾಹೇಬ್ರೆ, ಸೂರ್ಯ ಮುಳುಗೋಕೆ ಮುಂಚೆ ಒಂದು, ಚುಕ್ಕಿ ಮೂಡಿದ ಮೇಲೆ ಒಂದು. ಎರಡನ್ನೂ ಒಂದೇ ಸಲ ಕಾಲ್ ತೊಳ್ಕೊಂಡು ಮುಗಿಸಿಬುಟ್ರೆ ಏನಂತೆ?"

"ನಾನೂ ಅದನ್ನ ಅಂತೀನ್ರಿ ಗೌಡ್ರ! ನಮ್ಮ ಅಪ್ಪನ ಊರಾಗ ಹಂಗ ಮಾಡ್ತಿದ್ರು. ಮಂದಿ ಒಮ್ಮೆ ಕೂಡಿದ್ರ ಎರಡೂ ಮುಗಿಸಿ ಮನಿಗೆ ಹೋಗೂದು. ಸೂರ್ಯ ಮುಳುಗೂಕಿಂತ ಒಂದು ತಾಸಿಗೂ ಹೆಚ್ಚು ಮುಂಚೇನ ಒಂದು ಗೆರಿ ಎಳದು, ಅಲ್ಲಿಂದಾಚೆ ರಾತ್ರಿ ಲೆಕ್ಕ ಅನ್ನೋ ಹಿರ್ಯಾರೂ ಅದಾರ. ಈಕಿ ಬಿಡಬೇಕಲ್ಲ."

ಮೌಶಿ ಒಳಗಿಂದಲೇ ಅಂದರು. "ಒಂದು ಗೆರಿ ಹಿಡೀರಿ ಅಂದಾರ, ಎರಡು ಹಿಡೀರಿ ಅಂದಿಲ್ಲ. ಸೋಮವಾರ ಆ ಹೊತ್ತಿಗೆ ಹಗಲು ಅಂತೀರಿ, ಮಂಗಳವಾರ ಅದ ಹೊತ್ತಿಗೆ ರಾತ್ರಿ ಅಂತೀರಿ. ಸೂರ್ಯ ಏನು ನಿಮ್ಮ ಕಚೇರಿ ಜವಾನನೇನು, ಕರದಾಗ ಬರಾಕ, ಹೋಗಂದಾಗ ಹೋಗಾಕ?"

ಅಪ್ಪ ತೊಡೆ ತಟ್ಟಿ ನಕ್ಕ. "ನಮ್ಮೋಳೂ ಅಂಗೇ ಸಾಹೇಬ್ರೆ. ದೀಪ ಹಚ್ಚಿದ ಮೇಲೆ ಕಸ ಗುಡಿಸ್ಬಾರ್ದು ಅಂತಾಳೆ. ದೀಪ ಹಚ್ಚೋ ಹೊತ್ತು ಮಾತ್ರ ಅವಳ ಕಸ ಮುಗಿದ ಮೇಲೇನೇ!"

ಆಗ ನಾನು ಇಂಟರ್‌ಮೀಡಿಯೆಟ್ಟಿನಲ್ಲಿ ಇಂಗ್ಲಿಷಿಗೆ ಡುಮ್ಕಿ ಹೊಡೆದು ಮನೆಯಲ್ಲಿದ್ದೆ. ಗಂಡು ನೋಡುತ್ತಿದ್ದರು. ಬಂದವರೆಲ್ಲ ಉಪ್ಪಿಟ್ಟು ತಿಂದು ಹೋಗುತ್ತಿದ್ದರೇ ಹೊರತು ಮಾತು ಮುಂದಕ್ಕೆ ಹೋಗುತ್ತಿರಲಿಲ್ಲ. ಮೌಶಿ ಗಂಡನನ್ನು ಎಬ್ಬಿಸಿ ನಿಲ್ಲಿಸಿದ ಮೇಲೆ ಕೆಳಗಿಳಿಯುತ್ತಿರಲಿಲ್ಲ. ನಕ್ಷತ್ರ ಮೂಡುವವರೆಗೂ ತಾರಸಿಯಲ್ಲೇ. ನಾನೂ ಹತ್ತಿ ಹೋಗಿ ಪಕ್ಕದಲ್ಲಿ ಕೂರುತ್ತಿದ್ದೆ. ಸೂರ್ಯ ಹೋಗಿ ಚುಕ್ಕಿ ಬಾರದ ಆ ನಡುವಿನ ಹೊತ್ತು ಹಗಲಿಗೂ ಸೇರದು, ರಾತ್ರಿಗೂ ಸೇರದು ಅಂತ ಅವರ ಹಿರಿಯರು ಎಷ್ಟೋ ತಲೆ ಕೆಡಿಸಿಕೊಂಡಿದ್ದಾರಂತೆ. "ಯಾರದೂ ಅಲ್ಲ ಅಂದ ಮ್ಯಾಲ ನಮ್ಮಿಬ್ರದು" ಅಂತ ಮೌಶಿ ಬಟಾಣಿ ಸುಲಿಯುತ್ತ ಹೇಳುತ್ತಿದ್ದರು. ನಾನು ಪಡುವಲಲ್ಲಿ ಹೊಳೆಯುವ ಬೆಳ್ಳಿಚುಕ್ಕಿ ತೋರಿಸಿ ಒಂದು ಅಂತ ಎಣಿಸಿದರೆ, "ಅದು ಲೆಕ್ಕಕ್ಕಿಲ್ಲ, ಅದು ಹಗಲಾಗೂ ಕಾಣತದ. ಸಣ್ಣವು ಬರ್ಲಿ, ಕಣ್ಣಿಗೆ ಕಾಣೂ ಕಾಣದಂಥವು" ಅನ್ನುತ್ತಿದ್ದರು. ಗಂಡು ಒಪ್ಪದೆ ಹೋದ ಸಂಜೆಗಳಲ್ಲಿ ನನ್ನ ಅಳು ಆರಿದ್ದು ಆ ಹೊತ್ತಿನಲ್ಲಿ, ಆಕೆಯ ಬಟಾಣಿ ಬುಟ್ಟಿಯ ಪಕ್ಕದಲ್ಲಿ.

ಎರಡು ವರ್ಷ ಹೀಗೇ ಹೋಯಿತು. ಆಮೇಲೆ ಮೌಶಿಯ ಕಾಲು ಬಾತುಕೊಳ್ಳಲು ಶುರುವಾಯಿತು. ಮೊದಲು ಮೆಟ್ಟಿಲಿನ ಅರ್ಧದಲ್ಲಿ ನಿಂತು ಸುಧಾರಿಸಿಕೊಳ್ಳುವರು. ಆಮೇಲೆ ಮೆಟ್ಟಿಲ ಬುಡದಲ್ಲಿ ನಿಂತು ನನ್ನನ್ನು ಹತ್ತಿಸುವರು. ಸಂಕ್ರಾಂತಿ ಕಳೆಯುವ ಹೊತ್ತಿಗೆ ಹಾಸಿಗೆ ಹಿಡಿದರು. ಡಾಕ್ಟರು ಗುಂಡಿಗೆ ದುರ್ಬಲವಾಗಿದೆ ಅಂದರು, ಉಪ್ಪು ಬಿಡಿಸಿದರು. ಸಾಹೇಬರನ್ನು ಹೊರಗೆ ಕರೆದು ಏನೋ ಹೇಳಿದರು. ಸಾಹೇಬರು ಒಳಗೆ ಬಂದು ಮೌಶಿಯ ದಿಂಬು ಸರಿಮಾಡಿದರು.

ಆಗ ತಾರಸಿಯಿಂದ ಕೂಗುವವಳು ನಾನಾದೆ. "ಮೌಶೀ, ಇನ್ನೂ ಇದಾನೆ!" ಕಿಟಕಿಯ ಒಳಗಿನಿಂದ ಆಕೆ ಗಂಡನಿಗೆ ಅದನ್ನು ದಾಟಿಸುವರು. "ಕೇಳ್ತಲ್ಲ? ಏಳ್ರಿ." ಮೊದಮೊದಲು ಆ ಮಾತು ನನಗೂ ಕೇಳುತ್ತಿತ್ತು. ಬರಬರುತ್ತ ಕೇಳದಾಯಿತು. ಸಾಹೇಬರು ಅಂಗಳಕ್ಕೆ ಬಂದು ನಿಂತದ್ದು ಕಂಡಾಗ ಹೇಳಿರಬೇಕು ಅಂದುಕೊಳ್ಳುತ್ತಿದ್ದೆ.

ಇಲ್ಲಿ ಒಂದು ಮಾತು ಹೇಳಬೇಕು. ಇದು ನಮಗೆ ತಿಳಿದದ್ದು ಎಲ್ಲ ಮುಗಿದ ಮೇಲೆ, ಸಾಹೇಬರ ಬಾಯಿಂದಲೇ. ಆ ದಿನಗಳಲ್ಲಿ ನಮಗಾರಿಗೂ ಇದರ ಸುಳಿವಿರಲಿಲ್ಲ.

ತೀರಿಕೊಳ್ಳುವುದಕ್ಕೆ ಕೆಲವು ದಿನ ಮುಂಚೆ ಮೌಶಿ ಗಂಡನನ್ನು ಹತ್ತಿರ ಕೂರಿಸಿಕೊಂಡು ಕೇಳಿದರಂತೆ. ಅವರಲ್ಲಿ ಸತ್ತವರಿಗಾಗಿ ಮನೆಯವರು ಹೇಳುವ ಒಂದು ಪ್ರಾರ್ಥನೆ ಇದೆ. ಅದನ್ನು ಒಬ್ಬರೇ ಹೇಳುವಂತಿಲ್ಲ, ಅವರವರೇ ಹತ್ತು ಗಂಡಸರು ಕೂಡಬೇಕು. "ಹತ್ತು ಮಂದಿ ಎಲ್ಲಿಂದ ತರ್ತೀರಿ? ಅದರ ಚಿಂತಿ ಬಿಡ್ರಿ. ಮಿನ್ಹಾ ಒಬ್ರ ಹೇಳಬಹುದಲ್ಲ? ನನ್ನ ಮಣ್ಣಿನ ಮುಂದ ನಿಂತು ಅದೊಂದು ಹೇಳ್ರಿ, ಸೂರ್ಯ ಇರೂದ್ರಾಗ. ನನಗ ಅಷ್ಟು ಸಾಕು."

"ಮಣ್ಣಾಗೂ ತನಾ ನನಗ ಪ್ರಾರ್ಥನಿ ಇಲ್ಲ. ಗೊತ್ತದ ಅಲ್ಲ ನಿನಗ?" ಅಂದರಂತೆ ಸಾಹೇಬರು. ಮನೆಯಲ್ಲಿ ಹೆಣವಿರುವಷ್ಟು ಹೊತ್ತು ಹತ್ತಿರದವರಿಗೆ ಯಾವ ಪ್ರಾರ್ಥನೆಯೂ ಇಲ್ಲ. ಸತ್ತವರ ಕೆಲಸವೇ ಆಗಿನ ಪ್ರಾರ್ಥನೆ. ಅದು ಅವರ ಕಟ್ಟಳೆ.

"ಅದಕ್ಕ ಹೇಳಾಕತ್ತೀನಿ. ಲಗೂನ ಮಣ್ಣು ಮಾಡ್ರಿ. ಮಾಡಿದ ಮ್ಯಾಲ ಸೂರ್ಯ ಇದ್ರ ಹೇಳಲೇಬೇಕಲ್ಲ ನೀವು? ಎಬ್ಬಸಾಕ ನಾ ಇರೂದಿಲ್ಲ. ನೆನಪಿಟಗೊಂಡು ನಿಂದರ್ರಿ."

ಸಾಹೇಬರು ಆಗಲಿ ಅಂದರಂತೆ.

ಮೌಶಿ ಹೋದದ್ದು ಒಂದು ಬುಧವಾರ ಬೆಳಗ್ಗೆ, ಹಾಲಿನವಳು ಬಂದುಹೋದ ಸ್ವಲ್ಪ ಹೊತ್ತಿಗೆ. ಸಾಹೇಬರು ಗೋಡೆಯ ಹತ್ತಿರ ಬಂದು "ಗೌಡ್ರ" ಅಂದರು ಅಷ್ಟೇ. ಅಪ್ಪ ಹಲ್ಲುಜ್ಜುತ್ತಿದ್ದವನು ಹಾಗೇ ಗೋಡೆ ದಾಟಿ ಹೋದ.

ಅವರ ಸ್ಮಶಾನ ಇದ್ದದ್ದು ಬೆಂಗಳೂರಿನಲ್ಲಿ. ಮೈಸೂರಿನಲ್ಲಿ ಅವರಿಗೆ ಅಂತ ಒಂದು ಮೊಳ ಜಾಗವಿರಲಿಲ್ಲ. ಸಾಹೇಬರ ಕಚೇರಿಯವರು ವ್ಯಾನು ಸಿಗುತ್ತದೋ ನೋಡಲು ಹೋದರು. ಒಂದು ರಿಪೇರಿಯಲ್ಲಿತ್ತು, ಇನ್ನೊಂದು ಸಂಜೆಗೆ ಬರುತ್ತದೆ ಅಂದರು. ಸಾಹೇಬರು ತಲೆ ಅಲ್ಲಾಡಿಸಿದರು. "ಸಂಜಿಗೆ ಹೊಂಟ್ರ ಮಣ್ಣಾಗೂದು ನಾಳೆ. ಅಷ್ಟು ಹೊತ್ತು ಇಡಬಾರದು. ಇವತ್ತ ಆಗಬೇಕು ಗೌಡ್ರ, ಸೂರ್ಯ ಇರೂದ್ರಾಗ."

ಅಪ್ಪ ಕೇಳಿದ. "ಸಾಹೇಬ್ರೆ, ಬೇರೆಯೋರ ನೆಲ ಆಗುತ್ತಾ ನಿಮಗೆ?"

"ಮಣ್ಣು ಮಣ್ಣ ಅಲ್ರೀ. ಯಾಕ್ರಿ?"

"ನಾವೂ ಹೂಳೋ ಜನಾನೇ. ಹಿನಕಲ್‌ನಲ್ಲಿ ನಮ್ಮ ಹೊಲದ ಬದಿಯಲ್ಲಿ ನಮ್ಮಪ್ಪ ನಮ್ಮವ್ವ ಇದಾರೆ. ಅವರ ಪಕ್ಕದಲ್ಲಿ ಬೇಡ ಅಂದ್ರೆ ಬೇರೆ ಮೂಲೆ ಬುಟ್ಟುಕೊಡ್ತೀನಿ. ಹುಣಸೇಮರದ ಕೆಳಗೆ, ಉಳೋ ಜಾಗ ಅಲ್ಲ ಅದು. ನಾಳೆ ಯಾರೂ ನೇಗಿಲು ಹಾಕಲ್ಲ. ನನ್ ಮಾತು ನಂಬಿ."

ಸಾಹೇಬರು ಅಪ್ಪನ ಕೈ ಹಿಡಿದುಕೊಂಡರು. ಅವರು ಆ ದಿನ ಅತ್ತದ್ದು ನಾನು ಕಂಡದ್ದು ಆಗ ಒಂದೇ ಸಲ.

ಮೈ ತೊಳೆಯಲು ಅವರ ಹೆಂಗಸರಿಲ್ಲ. ನಾನೂ ಅವ್ವನೂ ತೊಳೆದೆವು. ಬಾಗಿಲಾಚೆ ಬೆನ್ನು ಮಾಡಿ ನಿಂತು ಸಾಹೇಬರು ಹೇಗೆ ಅಂತ ಹೇಳುತ್ತಿದ್ದರು: ಮೊದಲು ತಲೆ, ಆಮೇಲೆ ಬಲಗಡೆ, ಆಮೇಲೆ ಎಡಗಡೆ. ಪೂರ್ತಿ ಬಯಲು ಮಾಡಬೇಡಿ, ತೊಳೆದಷ್ಟು ಮುಚ್ಚುತ್ತ ಹೋಗಿ. ಮೌಶಿಯ ಬಾತುಕೊಂಡ ಪಾದಗಳನ್ನು ಅವ್ವ ಮಗುವಿನ ಪಾದ ತೊಳೆದ ಹಾಗೆ ತೊಳೆದಳು. ಹಿನಕಲ್‌ನಿಂದ ಗಾಡಿ ತಂದ ಚಿಕ್ಕಪ್ಪನ ಜೊತೆ ಬಂದಿದ್ದ ನಮ್ಮ ದೊಡ್ಡತ್ತೆ ಅರಿಶಿನ, ಕುಂಕುಮ, ಹೂವು ಎಲ್ಲ ಹಿಡಿದು ನಿಂತಿದ್ದಳು.

"ಮುತ್ತೈದೆ ಸಾವು ಕಣಮ್ಮ! ಹಿಂಗೆ ಬೋಳು ಹಣೇಲಿ ಎಂಗೆ ಕಳಿಸೋದು? ನೋಡ್ದೋರು ಏನಂದಾರು?"

"ಅವರಲ್ಲಿ ಇಲ್ಲವಂತೆ ಅತ್ತೆ. ಬರೀ ಬಿಳೀ ಬಟ್ಟೆ" ಅಂದೆ ನಾನು.

"ರಾಜಂಗೂ ಅದೇನಾ?"

ಬಾಗಿಲಾಚೆಯಿಂದ ಸಾಹೇಬರು ಹೇಳಿದರು. "ರಾಜಗೂ ಅದ ರೀ, ತಾಯಿ. ಜೇಬಿಲ್ಲದ ಬಟ್ಟಿ."

ದೊಡ್ಡತ್ತೆ ಹೂವನ್ನು ಕೆಳಗಿಡಲಿಲ್ಲ, ಮುಡಿಸಲೂ ಇಲ್ಲ. ಸೆರಗಿನಲ್ಲಿ ಕಟ್ಟಿಕೊಂಡಳು.

ಗಾಡಿ ಹಿನಕಲ್ ಸೇರಿದಾಗ ಮಧ್ಯಾಹ್ನ ದಾಟಿತ್ತು. ರಾಗಿ ಕೊಯ್ದ ಹೊಲ, ಬರೀ ಕೂಳೆ. ಬೇಗನೇ ಆಗಬೇಕಿತ್ತು ಕೆಲಸ, ಆದರೆ ಸೊಂಟದಷ್ಟು ಆಳ ತೋಡುವಷ್ಟರಲ್ಲಿ ಕಲ್ಲು ಬಂತು. ಗುದ್ದಲಿ ಠಣ್ ಅಂದಿತು. ಚಿಕ್ಕಪ್ಪ ಬೈದುಕೊಂಡು ಹಾರೆ ತರಿಸಿದ. ಸಾಹೇಬರು ಗಾಡಿಯ ನೆರಳಿನಲ್ಲಿ ಮೌಶಿಯ ಹತ್ತಿರ ನೆಲದ ಮೇಲೆ ಕೂತಿದ್ದರು. ಕೋಟು ಹಾಕಿದ್ದರು, ಅದರ ಕೊರಳಪಟ್ಟಿಯ ಹತ್ತಿರ ಅವರೇ ಒಂದಿಷ್ಟು ಹರಿದುಕೊಂಡಿದ್ದರು, ದುಃಖದ ಗುರುತಿಗೆ. ಆಗಾಗ ತಲೆಯೆತ್ತಿ ಪಡುವಲ ಕಡೆ ನೋಡುವರು. ಆಮೇಲೆ ಹಾರೆಯ ಕಡೆ.

ಅಪ್ಪ ನೀರಿನ ಚೊಂಬು ತಂದುಕೊಟ್ಟು, ಮಾತಿಗೆ ಅಂತ ಕೇಳಿದ. "ಬೆಳಗ್ಗೆಯಿಂದ ನಿಮ್ಮ ಪ್ರಾರ್ಥನೆ ಏನೂ ಆಗಿಲ್ಲ, ಸಾಹೇಬ್ರೆ?"

"ಇಲ್ರೀ. ಈಗ ನನಗ ಪ್ರಾರ್ಥನಿ ಇಲ್ಲ. ಸತ್ತವ್ರ ಕೆಲಸನ ಪ್ರಾರ್ಥನಿ."

ಅಪ್ಪ ತಲೆದೂಗಿದ. ಅವನಿಗೆ ಅದು ಚೆನ್ನಾಗಿ ಅರ್ಥವಾಯಿತು ಅನ್ನಿಸಿತು. ನಮ್ಮಲ್ಲಿ ಸಾವಾದರೆ ತಿಥಿ ಮುಗಿಯುವ ತನಕ ದೇವರ ಗೂಡಿಗೆ ಕೈ ಹಾಕುವುದಿಲ್ಲ, ದೇವಸ್ಥಾನದ ಕಡೆ ಹೋಗುವುದಿಲ್ಲ. ಇವರಲ್ಲೂ ಅದೇ ಕಟ್ಟಳೆ ಅಂದುಕೊಂಡ. ಮಣ್ಣಿಗೆ ಇಳಿಸಿ ಮುಚ್ಚಿದ ಕ್ಷಣದಿಂದ ಆ ತಡೆ ಇಲ್ಲ, ಆಗ ಸೂರ್ಯನಿದ್ದರೆ ಪ್ರಾರ್ಥನೆ ಹೇಳಲೇಬೇಕು ಅನ್ನುವುದು ನಮ್ಮಪ್ಪನಿಗೆ ಹೇಗೆ ಹೊಳೆಯಬೇಕು?

ಕಲ್ಲು ಒಡೆದು ಎತ್ತಿ ಹಾಕುವಾಗ ಬಿಸಿಲು ಕೆಂಪಗಾಗಿತ್ತು. ಇಳಿಸಿದರು. ಸಾಹೇಬರು ಮೊದಲ ಮಣ್ಣು ಹಾಕಿದರು, ಆಮೇಲೆ ಅಪ್ಪ, ಚಿಕ್ಕಪ್ಪ, ಕಚೇರಿಯ ಮೂರು ನಾಲ್ಕು ಜನ, ಊರಿನವರು. ದೊಡ್ಡತ್ತೆ ಎಲ್ಲರ ಹಿಂದೆ ಬಂದು ಒಂದು ಹಿಡಿ ಮಣ್ಣು ಹಾಕಿ, ಸೆರಗಿನ ಗಂಟು ಬಿಚ್ಚಿ ಹೂವು ನೋಡಿ, ಮತ್ತೆ ಕಟ್ಟಿಕೊಂಡಳು. ನಾನೂ ಅವ್ವನೂ ಹಾಕಿ ಬಾವಿಯ ಕಡೆ ಹೋದೆವು, ಬಂದವರ ಕೈಕಾಲಿಗೆ ನೀರು ಸೇದಿಡಲು. ಆಮೇಲೆ ಅಲ್ಲಿ ಆದದ್ದನ್ನು ನಾನು ದೂರದಿಂದ ನೋಡಿದ್ದು, ಮಿಕ್ಕದ್ದನ್ನು ಅಪ್ಪ ಎಷ್ಟೋ ಸಲ ಹೇಳಿದ್ದು ಸೇರಿಸಿ ಬರೆಯುತ್ತಿದ್ದೇನೆ.

ಮಣ್ಣು ಮುಚ್ಚಿ ದಿಣ್ಣೆಯಾಯಿತು. ಚಿಕ್ಕಪ್ಪ ಗುದ್ದಲಿಯ ಬೆನ್ನಿನಿಂದ ತಟ್ಟಿ ಸಮ ಮಾಡಿದ. ನಮ್ಮ ಕಡೆ, ಮಣ್ಣು ಮಾಡಿದ ಮೇಲೆ ಅಲ್ಲಿ ನಿಲ್ಲುವಂತಿಲ್ಲ. ತಿರುಗಿ ನೋಡುವಂತಿಲ್ಲ. ಹತ್ತಿರದವರನ್ನು ಮಾತ್ರ ಒಂದು ಗಳಿಗೆಯೂ ಬಿಡುವುದಿಲ್ಲ, ಕೈ ಹಿಡಿದು ನಡೆಸಿಕೊಂಡು ಹೋಗಬೇಕು. ನಿಂತರೆ ಹೋದವರಿಗೆ ಹೋಗಲು ಮನಸ್ಸು ಬರುವುದಿಲ್ಲ ಅಂತ. ನೀರು ಮುಟ್ಟಿ, ಮನೆಗೆ ಬಂದು, ದೀಪ ನೋಡಬೇಕು. ಸಾಹೇಬರು ಅಲ್ಲೇ ನಿಂತಿದ್ದು ಕಂಡು ಅಪ್ಪ ಹೋಗಿ ಅವರ ಬಲಗೈ ಹಿಡಿದ.

"ಬನ್ನಿ ಸಾಹೇಬ್ರೆ. ನಿಂತ್ಕೋಬಾರ್ದು. ತಿರುಗಿ ನೋಡ್ಬೇಡಿ, ನಡೀರಿ."

ಸಾಹೇಬರು ನಡೆದರು.

ಅಪ್ಪ ಹೇಳುತ್ತಿದ್ದ: ಕೈ ಎಳೆದುಕೊಳ್ಳಲಿಲ್ಲ, ಒಂದು ಮಾತು ಆಡಲಿಲ್ಲ. ಮಗುವಿನ ಹಾಗೆ ಬಂದರು. ಹುಣಸೇಮರದಿಂದ ಬಾವಿಗೆ ದೂರವೇನಿಲ್ಲ, ಆದರೆ ಕೂಳೆಯಲ್ಲಿ ಅವರಿಗೆ ನಡೆದು ಅಭ್ಯಾಸವಿಲ್ಲ. ಅಪ್ಪ ಅವರ ಹೆಜ್ಜೆಗೆ ಹೆಜ್ಜೆ ಹಾಕುತ್ತ ನಿಧಾನವಾಗಿ ನಡೆಸಿಕೊಂಡು ಬಂದ. ಅವರು ಬದುವನ್ನು ದಾಟುವಾಗ ಸೂರ್ಯ ಇನ್ನೂ ಒಂದು ಬೆರಳಷ್ಟು ಮೇಲಿದ್ದ. ಅರ್ಧ ದಾರಿಗೆ ಬರುವಷ್ಟರಲ್ಲಿ ಅವನ ತಳ ಬಯಲಿನ ಅಂಚು ಮುಟ್ಟಿತ್ತು. ಬಾವಿಗೆ ಬಂದಾಗ ಅಂಚಿನಲ್ಲಿ ಒಂದು ಕೆಂಪು ಗೆರೆ, ಅವ್ವ ಚೊಂಬು ಎತ್ತಿಕೊಡುವಷ್ಟರಲ್ಲಿ ಅದೂ ಇಲ್ಲ.

ಸಾಹೇಬರು ಕೈ ತೊಳೆದುಕೊಂಡು, ಒದ್ದೆ ಕೈಯಲ್ಲೇ ಕೋಟಿನ ಜೇಬಿನಿಂದ ಪುಸ್ತಕ ತೆಗೆದರು. ಪಡುವಲಿಗೆ ತಿರುಗಿದರು. ಸ್ವಲ್ಪ ಹೊತ್ತು ಹಾಗೇ ನೋಡಿದರು. ಪುಸ್ತಕವನ್ನು ತೆರೆಯದೆ ಮತ್ತೆ ಜೇಬಿಗೆ ಹಾಕಿಕೊಂಡರು.

ಅಪ್ಪ ಅದನ್ನು ನೋಡಿದ.

"ಸಾಹೇಬ್ರೆ... ಇತ್ತಾ? ಇವತ್ತು ಇತ್ತಾ ನಿಮಗೆ?"

"ಇತ್ತು ಗೌಡ್ರ."

"ಇಲ್ಲ ಅಂದ್ರಲ್ಲ!"

"ಮಣ್ಣಾಗೂ ತನಾ ಇರಲಿಲ್ಲ." ಆಮೇಲೆ ಸಾಹೇಬರು, ನೀರಿನ ತೊಟ್ಟಿಯ ಕಟ್ಟೆಯ ಮೇಲೆ ಕೂತು, ಮೌಶಿ ಕೇಳಿಕೊಂಡದ್ದನ್ನು ಹೇಳಿದರು. ಹತ್ತು ಜನ ಬೇಡ ಅಂದದ್ದು. ಮಿನ್ಹಾ ಒಂದು ಸಾಕು ಅಂದದ್ದು. ಯಾರ ಮೇಲೂ ಆರೋಪವಿಲ್ಲದ ಧ್ವನಿಯಲ್ಲಿ, ಬೇರೆ ಯಾರದೋ ಮನೆಯ ಸುದ್ದಿ ಹೇಳಿದ ಹಾಗೆ.

ಅಪ್ಪ ತಲೆಯ ಮೇಲಿನ ವಸ್ತ್ರ ತೆಗೆದು ಮುಖಕ್ಕೆ ಒತ್ತಿಕೊಂಡ. "ಅಯ್ಯೋ, ಕೈ ಹಿಡ್ಕೊಂಡು ಎಳ್ಕೊಂಡು ಬಂದ್ಬುಟ್ನಲ್ಲೋ! ಆ ತಾಯಿ ಕೇಳಿದ್ದು ಒಂದೇ ಒಂದು. ನಾನು... ಸಾಹೇಬ್ರೆ, ಇದಕ್ಕೆ ಏನಾರ ಪರಿಹಾರ ಇದ್ಯಾ ನಿಮ್ಮಲ್ಲಿ? ಇರಲೇಬೇಕು. ಹೇಳಿ."

"ಅದರಿ. ಮಿನ್ಹಾ ತಪ್ಪಿದ್ರ ರಾತ್ರಿ ಅರ್ವಿತ್ ಎರಡು ಸಲ ಹೇಳೂದು. ಮೊದಲಿಂದು ರಾತ್ರಿದು, ಎರಡನೇದು ತಪ್ಪಿದ್ದಕ್ಕ."

"ಹಂಗಾದ್ರೆ ಆಯ್ತು!" ಅಪ್ಪನಿಗೆ ಉಸಿರು ಬಂತು. "ಇವತ್ತೇ ಹೇಳ್ಬುಡಿ. ಎರಡು ಸಲ."

"ಮರತು ತಪ್ಪಿದ್ರ, ಅಥವಾ ಮತ್ತೊಬ್ಬರ ಬಲವಂತಕ್ಕ ತಪ್ಪಿದ್ರ, ಆಗ ಐತಿ." ಸಾಹೇಬರು ಎದ್ದು ನಿಂತರು. "ಗೊತ್ತಿದ್ದೂ ಬಿಟ್ರ ಇಲ್ಲ. ಅದು ಹೋತು ಅಂದ್ರ ಹೋತು."

"ಬಲವಂತ ಅಲ್ದೆ ಇನ್ನೇನು ಇದು? ನಾನೇ ಅಲ್ವಾ ಎಳೆದದ್ದು? ಬಲವಂತಾನೇ!"

ಸಾಹೇಬರು ಗಾಡಿ ಹತ್ತಿದರು.

ಮನೆಗೆ ಬಂದು ಅವ್ವ ಅವರಿಗೆ ನಮ್ಮ ನಡುಮನೆಯ ದೀಪ ತೋರಿಸಿದಳು. ನೋಡಿದರು. ಸತ್ತವರ ಮನೆಯಲ್ಲಿ ಮೊದಲ ಊಟ ನೆರೆಯವರದೇ ಆಗಬೇಕು ಅನ್ನುವುದು ಇಬ್ಬರಲ್ಲೂ ಒಂದೇ. ಅವರಿಗೆ ಬೇಯಿಸಿದ ಮೊಟ್ಟೆ, ಬೇಳೆ ಆಗುತ್ತದೆ ಅಂದರು. ಅವ್ವ ಮಾಡಿ ಕಳಿಸಿದಳು. ಅವರ ಹಜಾರದಲ್ಲಿ ಆರಾಮಕುರ್ಚಿ ಖಾಲಿ ಇತ್ತು. ನೆಲದ ಮೇಲೆ ಕೂತು ಒಂದು ಮೊಟ್ಟೆ ತಿಂದರು.

ನಕ್ಷತ್ರ ಮೂಡಿದ ಮೇಲೆ ಅಂಗಳಕ್ಕೆ ಬಂದರು. ಅಪ್ಪ ಸ್ನಾನ ಮಾಡಿದ್ದವನು ಒದ್ದೆ ತಲೆಯಲ್ಲೇ ಗೋಡೆಯ ಹತ್ತಿರ ನಿಂತಿದ್ದ. ನಾನು ಅವನ ಹಿಂದೆ. ಸಾಹೇಬರು ಪಡುವಲಿಗೆ ಮುಖ ಮಾಡಿ ಕಾಲು ಜೋಡಿಸಿ ನಿಂತರು. ತುಟಿ ಮಾತ್ರ ಅಲ್ಲಾಡುತ್ತಿತ್ತು. ಬಾಗಿದರು, ಎದ್ದರು. ಕೊನೆಗೆ ಒಂದೊಂದೇ ಹೆಜ್ಜೆ ಹಿಂದಕ್ಕೆ ಬಂದು ತಲೆ ಬಾಗಿಸಿದರು. ಅದು ಮುಗಿಸುವ ರೀತಿ, ನಮಗೆ ಗೊತ್ತಿತ್ತು. ಅಪ್ಪ ನನ್ನ ಕಡೆ ತಿರುಗಿ ಪಿಸುಗುಟ್ಟಿದ. "ಒಂದಾಯ್ತು."

ನಾವು ಕಾದೆವು. ಸಾಹೇಬರು ಪುಸ್ತಕ ಮುಚ್ಚಿದರು. ಟೋಪಿ ಸರಿಮಾಡಿಕೊಂಡರು. ಅಂಗಳದ ಮೆಟ್ಟಿಲ ಮೇಲೆ ಕೂತರು.

ಅಪ್ಪ ಇನ್ನೂ ಸ್ವಲ್ಪ ಹೊತ್ತು ನೋಡಿ, ತಡೆಯಲಾರದೆ ಕೇಳಿಯೇಬಿಟ್ಟ. "ಸಾಹೇಬ್ರೆ, ಎರಡನೇದು?"

"ಇಲ್ಲ ಗೌಡ್ರ."

"ಯಾಕೆ? ಬಲವಂತಕ್ಕೆ ತಪ್ಪಿದ್ರೆ ಉಂಟು ಅಂದ್ರಲ್ಲ? ನನ್ ಮೇಲೆ ಹಾಕಿ. ಹಿನಕಲ್ ಗೌಡ ಎಳೆದ, ಬುಡ್ಲಿಲ್ಲ ಅಂತ ಹೇಳ್ಕೊಳ್ಳಿ ನಿಮ್ಮ ದೇವ್ರಿಗೆ. ಕೇಳಿದ್ರೆ ನಾನು ಬಂದು ಸಾಕ್ಷಿ ಹೇಳ್ತೀನಿ."

ಸಾಹೇಬರು ತಲೆಯೆತ್ತಿ ನೋಡಿದರು. ಕತ್ತಲಲ್ಲಿ ಮುಖ ಕಾಣಿಸಲಿಲ್ಲ.

"ನೀವು ಹಿಡದದ್ದು ಮೆತ್ತಗ ಹಿಡದಿದ್ರಿ ಗೌಡ್ರ. ಬಿಡಸಕೋಬೇಕಂದ್ರ ಬಿಡಸಕೋಬಹುದಿತ್ತು. ಸೂರ್ಯ ಇದ್ದದ್ದೂ ಕಂಡಿದ್ದೆ, ಬದುವಿನ ಮ್ಯಾಲೆ. ಹೇಳಬೇಕು ಅಂತ ನೆನಪೂ ಇತ್ತು." ಪುಸ್ತಕವನ್ನು ಜೇಬಿಗೆ ಹಾಕಿಕೊಂಡರು. "ಅಲ್ಲಿ ನಿಂತು ಅದನ್ನ ಹೇಳಿಬಿಟ್ರ ಆಕಿ ಕೇಳಿದ್ದು ಎಲ್ಲಾ ಮಾಡಿ ಮುಗಿಸಿದಾಂಗ ಆಗ್ತಿತ್ತು. ಆಮ್ಯಾಲ ಏನೂ ಉಳೀತಿರಲಿಲ್ಲ. ಅಷ್ಟರಾಗ ನೀವು ಬಂದು ಕೈ ಹಿಡದ್ರಿ. ನಿಂದರೂದಕ್ಕಿಂತ ನಡಿಯೂದು ಹಗುರ ಅನಸ್ತು. ನಡದೆ."

ಅಪ್ಪ ಗೋಡೆಯ ಮೇಲೆ ಕೈಯೂರಿ, "ದೇವ್ರು ಅಷ್ಟೆಲ್ಲ ಕೆದಕಿ ಕೇಳಲ್ಲ ಬುಡಿ ಸಾಹೇಬ್ರೆ. ನನ್ ಹೆಸರು ಹೇಳ್ಬುಡಿ, ಒಪ್ಕೋತಾನೆ" ಅಂದ.

"ಅವ ಒಪಗೊಂಡಾನು. ಆಕಿಗೆ ಹೆಂಗ ಹೇಳ್ಲಿ?"

ಅಪ್ಪ ಪಂಚೆ ಮೇಲೆ ಕಟ್ಟಿ ಗೋಡೆ ದಾಟಿದ. ಹೋಗಿ ಸಾಹೇಬರ ಪಕ್ಕದಲ್ಲಿ, ಅವರು ಕೂತದ್ದಕ್ಕಿಂತ ಕೆಳಗಿನ ಮೆಟ್ಟಿಲಲ್ಲಿ ಕೂತ. ನಮ್ಮ ಮನೆಯೊಳಗಿನಿಂದ ಅವ್ವ ಊಟಕ್ಕೆ ಕರೆದಳು. ನಾನು ಬರುತ್ತೇವೆ ಅಂದೆ. ಅವರಿಬ್ಬರೂ ಅಲ್ಲಿಂದ ಏಳಲಿಲ್ಲ.